ಯಂತ್ರಕ್ಕೆ ಬರೆದುಕೊಟ್ಟ ಹನ್ನೊಂದು ಹಾಳೆ

ಅರವತ್ತರ ದಶಕದ ಆ ದಿನಗಳಲ್ಲಿ ನನ್ನ ಹುದ್ದೆಯ ಹೆಸರೇ ಕಂಪ್ಯೂಟರ್. ನಗಬೇಡಿ. ವಿಮಾನದ ರೆಕ್ಕೆಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದಿನವಿಡೀ ಲೆಕ್ಕ ಮಾಡುವ ಹೆಂಗಸರನ್ನು ಹಾಗೇ ಕರೆಯುತ್ತಿದ್ದರು. ಒಂದೇ ಹಾಳೆಯನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಮಾಡಬೇಕು, ಎರಡೂ ತಾಳೆಯಾದರೆ ಮಾತ್ರ ಅದು ಮುಂದಕ್ಕೆ ಹೋಗುತ್ತಿತ್ತು. ಜಯನಗರದ ನಮ್ಮ ಮನೆಯಲ್ಲಿ ಅಪ್ಪ ಮಾತು ಕೊಟ್ಟಿದ್ದರು: ಕೆಲಸ ಇರುವ ತನಕ ಮದುವೆಯ ಸುದ್ದಿ ಎತ್ತುವುದಿಲ್ಲ. ಹಾಗಾಗಿ ಆ ಕೆಲಸ ನನಗೆ ಜೀವವಾಗಿತ್ತು.

ಒಂದು ದಿನ ಬೀರುಗಳ ಸಾಲಿನಷ್ಟು ದೊಡ್ಡ ಲೆಕ್ಕದ ಯಂತ್ರ ಬಂತು. ಕೂಡುವುದು ಕಳೆಯುವುದು ಅದಕ್ಕೆ ನೀರು ಕುಡಿದಷ್ಟು ಸುಲಭ. ಆದರೆ ಪ್ರಯೋಗದಿಂದ ಬಂದ ಅಳತೆಗಳ ಪಟ್ಟಿಯಲ್ಲೇ ಅಂಕಿ ತಪ್ಪಿದ್ದರೆ ಅದನ್ನೂ ಭಕ್ತಿಯಿಂದ ನುಂಗಿಬಿಡುತ್ತಿತ್ತು. ನಾನಾದರೆ ನೋಡಿದ ಕೂಡಲೇ ಹಿಡಿಯುತ್ತಿದ್ದೆ.

"ಹೇಗಮ್ಮ ಹಿಡೀತೀರಾ?" ನಮ್ಮ ವಿಭಾಗದ ಸಾಹೇಬರು ಕೇಳಿದರು.

"ಗೊತ್ತಾಗುತ್ತೆ ಸಾರ್."

"ಅದನ್ನೇ ಬರ್ಕೊಡಿ. ಮುಂದೊಂದಿನ ಇದು ಯೋಚನೇನೂ ಮಾಡುತ್ತೆ, ನೋಡ್ತಿರಿ."

"ಆಗ ನಾವೇನ್ ಮಾಡೋದು ಸಾರ್?"

"ಆರಾಮಾಗಿರೋದು!"

ಅವರು ಕೇಳಿದ್ದನ್ನೇ ಹೊಗಳಿಕೆಯೆಂದುಕೊಂಡು ಉಬ್ಬಿಹೋದೆ, ದಡ್ಡಿ. ಅದನ್ನೇ ಕೇಳಿದಾಗ ಜೊತೆಯವರು ಎರಡು ಸಾಲು ಗೀಚಿ ಕೊಟ್ಟು ಬಸ್ಸು ಹತ್ತಿದರು. ನಾನು ಮೂರು ದಿನ ನನ್ನ ಕಣ್ಣನ್ನೇ ಹಿಂಬಾಲಿಸಿದೆ. ಅಂಕಿ ಅಕ್ಕಪಕ್ಕದವುಗಳಿಂದ ಎಷ್ಟು ದೂರ ಸರಿದರೆ ಅನುಮಾನ ಬರುತ್ತದೆ, ಯಾವಾಗ ಸುಮ್ಮನಿರುತ್ತೇನೆ, ಯಾವಾಗ ಮತ್ತೆ ಅಳೆಯಿರಿ ಅನ್ನುತ್ತೇನೆ, ಎಲ್ಲವೂ ಹನ್ನೊಂದು ಹಾಳೆಯಾಯಿತು. ಸೊಸೆಗೆ ಸಾರಿನ ಹದ ಹೇಳಿಕೊಡುವ ಅತ್ತೆ ಕೂಡ ಒಂದೆರಡು ಗುಟ್ಟು ಮುಚ್ಚಿಟ್ಟುಕೊಳ್ಳುತ್ತಾಳೆ. ನಾನು ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಆ ಹಾಳೆಗಳ ನಿಯಮಗಳನ್ನೆಲ್ಲ ಯಂತ್ರಕ್ಕೆ ತುಂಬಿ, ತಿಂಗಳೊಳಗೆ ಪರೀಕ್ಷೆ ನಡೆಸಿದರು. ಒಂದು ಕೋಣೆಯಲ್ಲಿ ನಾನು, ಇನ್ನೊಂದರಲ್ಲಿ ಯಂತ್ರ. ನಾನು ಮೂರು ತಪ್ಪು ಹಿಡಿದಿದ್ದೆ, ಅದು ನಾಲ್ಕು. ಆ ನಾಲ್ಕನೆಯದನ್ನು ಮತ್ತೆ ಮತ್ತೆ ನೋಡಿದೆ. ಅದು ಸುಳ್ಳಾಗಲಿ ಎಂದು ಮನಸಾರೆ ಬೇಡಿಕೊಂಡೆ. ಆಗಲಿಲ್ಲ. ನಾನೇ ಬರೆದ ನಿಯಮ ಹಿಡಿದ ತಪ್ಪು ನನ್ನ ಕಣ್ಣಿಗೇ ತಪ್ಪಿಸಿಕೊಂಡಿತ್ತು.

"ನಿಮ್ಮಷ್ಟು ಚೆನ್ನಾಗಿ ಯಾರೂ ಬರ್ಕೊಡ್ಲಿಲ್ಲಮ್ಮ," ಎಂದರು ಸಾಹೇಬರು. ಅವರಿಗೂ ಬೇಜಾರಾಗಿತ್ತು. ತಿಂಗಳ ಕೊನೆಗೆ ನಮ್ಮ ಕೆಲಸ ಹೋಯಿತು. ಜೊತೆಯವರ ಮುಖ ನೋಡಲಾಗಲಿಲ್ಲ. ರೇಗೋಣವೆಂದರೆ ಯಾರ ಮೇಲೆ ರೇಗಬೇಕು?

ಅಪ್ಪ ಮಾತಿಗೆ ತಪ್ಪಿರಲಿಲ್ಲ, ಅವರನ್ನು ಅನ್ನುವ ಹಾಗೂ ಇರಲಿಲ್ಲ. ಮುಂದಿನ ಭಾನುವಾರವೇ ಬಸವನಗುಡಿಯಿಂದ ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು, ಕಾಫಿ ಮುಗಿದ ಮೇಲೆ ಹುಡುಗನ ತಾಯಿ ನನ್ನತ್ತ ತಿರುಗಿದರು.

"ನಿಂಗೆ ಏನೇನು ಬರುತ್ತಮ್ಮ?"

ಖಾಲಿ ಲೋಟಗಳನ್ನು ಎಣಿಸಿ ತಟ್ಟೆಗೆ ಇಡತೊಡಗಿದೆ. ನನ್ನ ಪರವಾಗಿ ಅಮ್ಮ ಹೇಳಿದಳು, "ಅಡಿಗೆ ಚೆನ್ನಾಗಿ ಮಾಡ್ತಾಳೆ."

ನಾನು ಹೌದೆಂದು ತಲೆಯಾಡಿಸಿದೆ.