ನಕ್ಷೆಯಲ್ಲಿಲ್ಲದ ತಂಗುದಾಣಕ್ಕೆ ಎಂಟು ತಗಡು

ಅನಗೋಳದ ಭೀಮಗೊಂಡನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಬೆಳಗಾವಿಯಿಂದ ಖಾನಾಪುರದವರೆಗಿನ ಬಸ್ ತಂಗುದಾಣಗಳನ್ನು ಇಪ್ಪತ್ತಾರು ವರ್ಷ ರಿಪೇರಿ ಮಾಡಿದವನು ಅವನು. ತೂತುಬಿದ್ದ ತಗಡು ಬದಲಿಸುವುದು, ಅಲ್ಲಾಡುವ ಬೆಂಚಿಗೆ ಬೋಲ್ಟು ಬಿಗಿಯುವುದು ಎಲ್ಲ ಅವನದೇ. ಪೀರನವಾಡಿ ದಾಟಿದ ಮೇಲೆ ಯಾವ ಕಂಬ ಯಾವ ಕಡೆ ವಾಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ. ಹಾಗೆಂದು ಯಾರೂ ಹೊಗಳಲಿಲ್ಲ. ಸೋರಿದಾಗ ಮಾತ್ರ ಹೆಸರು ಹಿಡಿದು ಬೈದರು.

ಎರಡು ಸಾವಿರದ ಎರಡರಲ್ಲಿ ಅವನ ಕಚೇರಿಗೆ ಕಂಪ್ಯೂಟರ್ ನಕ್ಷೆ ಬಂತು. ಸರ್ವೆಯವರು ಅಂಗೈಯಗಲದ ಜಿಪಿಎಸ್ ಯಂತ್ರ ಹಿಡಿದು ಜೀಪಿನಲ್ಲಿ ಹೋಗಿ, ಪ್ರತಿ ತಂಗುದಾಣದ ಜಾಗ ದಾಖಲಿಸಿ, ಅಲ್ಲಿದ್ದವರಿಂದ ಹೆಸರು ಕೇಳಿ ಬರೆದುಕೊಂಡು ಬಂದರು. ನಕ್ಷೆಯಲ್ಲಿ ಒಂದೊಂದಕ್ಕೂ ಒಂದು ಕೆಂಪು ಚುಕ್ಕೆ. ಅದನ್ನು ಒತ್ತಿದರೆ ತಗಡು ಹಾಕಿದ್ದು ಯಾವಾಗ, ಬಣ್ಣ ಬಳಿದದ್ದು ಯಾವಾಗ ಎಲ್ಲ ಕಾಣುತ್ತಿತ್ತು. ಖರೇ ಹೇಳಬೇಕೆಂದರೆ ಭೀಮಗೊಂಡನಿಗೆ ಅದು ಬಹಳ ಹಿಡಿಸಿತು.

ಎಡವಟ್ಟಾದದ್ದು ಹೆಸರಿನಲ್ಲಿ. ಹೆದ್ದಾರಿಯಿಂದ ಹಳ್ಳಿಗೆ ದಾರಿ ಒಡೆಯುವ ಜಾಗಕ್ಕೆ ಈ ಕಡೆ ಫಾಟಾ ಎನ್ನುತ್ತಾರೆ. ಅವರವರ ಊರಿನದು ಅವರವರಿಗೆ ಬರೀ ‘ಫಾಟಾ’. ಮೂರು ಕಿಲೋಮೀಟರ್ ಅಂತರದ ಎರಡು ತಂಗುದಾಣಗಳಲ್ಲಿ ಜನ ಇದೇ ಉತ್ತರ ಕೊಟ್ಟಿದ್ದರು. ಕಚೇರಿಯ ಯಾರೋ ಜಾಣರು, ಒಂದೇ ಹೆಸರು ಎರಡು ಸಲ ಬಂದಿದೆಯೆಂದು ಒಂದನ್ನು ಅಳಿಸಿಬಿಟ್ಟರು.

ಮಳೆಗಾಲಕ್ಕೆ ಮುಂಚೆ ಆದೇಶ ಬಂತು: ನಕ್ಷೆಯಲ್ಲಿಲ್ಲದ ತಂಗುದಾಣ ಬಿಚ್ಚಿ ಸಾಮಾನು ಡಿಪೋಗೆ ತರಬೇಕು. ಭೀಮಗೊಂಡ ಕಚೇರಿಯ ಸಾಹೇಬರ ಮುಂದೆ ಹೋಗಿ ನಿಂತ.

“ಸಾಹೇಬ್ರ, ಆ ಫಾಟಾ ಬ್ಯಾರೆ, ಈ ಫಾಟಾ ಬ್ಯಾರೆ ಐತ್ರಿ. ಅಲ್ಲಿ ಕಂಬ ನಾನ ನಿಲ್ಲಿಸೇನ್ರಿ.”

“ನಕ್ಷಾದಾಗ ಇಲ್ಲಂದ್ರ ಇಲ್ಲ. ಉಪಗ್ರಹಕ್ಕಿಂತ ನೀ ಶಾಣ್ಯಾ ಏನು? ನಾಳೆ ಬಿಚ್ಚು,” ಎಂದರು ಸಾಹೇಬರು, ಪರದೆಯಿಂದ ಕಣ್ಣು ಕೀಳದೆ.

ಮರುದಿನ ತಗಡು ಹೊತ್ತ ಟೆಂಪೋದಲ್ಲಿ ಭೀಮಗೊಂಡ ಹೋದ. ಬೇರೆ ಕಡೆಗಳ ಕೆಲಸ ಮುಗಿದ ಮೇಲೆ ಎಂಟು ತಗಡು ಮಿಕ್ಕವು. ಅಳಿಸಿಹೋದ ಫಾಟಾದಲ್ಲಿ, ಹಾಲು ಮಾರಿ ಬಂದ ಮುದುಕಿ ಸಾತವ್ವ ಖಾಲಿ ಕ್ಯಾನು ಇಟ್ಟುಕೊಂಡು ಕುಳಿತಿದ್ದಳು. ಉದ್ಯಮಬಾಗದ ಕಾರ್ಖಾನೆಗಳಿಗೆ ಹೋಗುವ ಹೆಂಗಸರ ಜೊತೆ ದಿನಾ ಬೆಳಿಗ್ಗೆ ಇಲ್ಲೇ ಬಸ್ಸು ಹತ್ತುವವಳು. ಅವನ ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ನೋಡಿ ಅವಳ ಮುಖ ಇಳಿದುಹೋಯಿತು.

“ಬಿಚ್ಚಾಕ ಬಂದಿಯೇನೋ ತಮ್ಮಾ? ಇದು ಹೋದ್ರ ಬಸ್ಸು ನಿಂದ್ರಂಗಿಲ್ಲ. ಮುಂದಿನ ಫಾಟಾಕ್ಕ ಮಳ್ಯಾಗ ಹೆಂಗ ನಡೀಲಿ?”

“ಸ್ವಲ್ಪ ಬಾಜು ಸರೀರಿ ಯಕ್ಕಾ,” ಎಂದ ಭೀಮಗೊಂಡ. ದನಿ ಆಗಲೇ ಇಳಿದಿತ್ತು.

ಹಳೆಯ ತಗಡು ಇಳಿಸಿದ, ಎಂಟೂ ಹೊಸವನ್ನು ಏರಿಸಿ ಬಿಗಿದ. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಜೈನರ ನೇಮದಂತೆ ಆಮೇಲೆ ಅವನು ಉಣ್ಣುವವನಲ್ಲ. ಹಸಿದೇ ಮಲಗಿದ, ಸುಖವಾಗಿ ನಿದ್ದೆ ಮಾಡಿದ.

ಸುದ್ದಿ ಕಚೇರಿ ಮುಟ್ಟಲು ಎರಡು ದಿನ ಸಾಕಾಯಿತು. ಸಾಹೇಬರು ಕೆಂಡವಾಗಿದ್ದರು.

“ಯಾರನ್ನ ಕೇಳಿ ಅಲ್ಲಿ ತಗಡು ಹಾಕಿದಿ?”

“ಎಲ್ಲಿರೀ?”

“ಆ ಫಾಟಾದ ತಂಗುದಾಣಕ್ಕ!”

“ಅಂಥಾದ್ದು ಇಲ್ಲಂತ ನೀವ ಹೇಳೀರಲ್ರಿ. ಇಲ್ಲದ್ದಕ್ಕ ತಗಡು ಹೆಂಗ ಹಾಕಲಿ? ಐತಿ ಅಂತ ಬರೀರಿ, ಆಮ್ಯಾಲೆ ಬೇಕಾದ ಶಿಕ್ಷಾ ಕೊಡ್ರಿ.”

ನಕ್ಷೆಯ ಕಂಪ್ಯೂಟರ್ ಮುಂದಿದ್ದ ಪ್ರಮಿಳಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಸಾಹೇಬರಿಗೆ ಅದೇ ತಲೆಗೇರಿತು. ಕಾಗದ ಎಳೆದುಕೊಂಡು ಸರಸರ ಬರೆದರು: ಇಂಥ ಊರಿನ ಫಾಟಾದಲ್ಲಿರುವ ತಂಗುದಾಣಕ್ಕೆ ಅಪ್ಪಣೆಯಿಲ್ಲದೆ ತಗಡು ಹೊದಿಸಿದ್ದಕ್ಕಾಗಿ ಛೀಮಾರಿ. ಕೆಳಗೆ ಸಹಿ, ಸಹಿಯ ಮೇಲೆ ಠಸ್ಸೆ. ಇಪ್ಪತ್ತಾರು ವರ್ಷದಲ್ಲಿ ಭೀಮಗೊಂಡನಿಗೆ ಸಿಕ್ಕ ಮೊದಲ ಛೀಮಾರಿ.

ಅವನು ಎರಡು ಸಲ ಓದಿದ. ಆಮೇಲೆ ಅದನ್ನು ಒಯ್ದು ಪ್ರಮಿಳಾಳ ಮೇಜಿನ ಮೇಲೆ ಹರವಿದ.

“ಮೇಡಂ, ತಂಗುದಾಣ ಐತಿ ಅಂತ ಸಾಹೇಬ್ರ ಸಹಿ ಮಾಡಿ ಕೊಟ್ಟಾರ. ಈಗ ಚುಕ್ಕಿ ಇಡ್ರಿ.”