ಬಿಲ್ಲುಗಾರನ ಊರು ಯಾವುದು?

ಫ್ರೆಂಡ್ಸ್, ವಾರಗಟ್ಟಲೆಯಿಂದ ಆಡುತ್ತಿರುವ ಗೇಮಿನಲ್ಲಿ ನನ್ನ ಜೊತೆಗಾರ ಬಿಲ್ಲುಗಾರನಿಗೆ ನನ್ನ ಮೇಲೆ ಪ್ರೀತಿಯೇ ಹುಟ್ಟುತ್ತಿರಲಿಲ್ಲ. ಡ್ರ್ಯಾಗನ್ ಬಾಯಿಂದ ಅವನನ್ನು ಉಳಿಸಿದೆ, ಬೆಳ್ಳಿಯ ಬಿಲ್ಲು ಕೊಟ್ಟೆ. ಏನು ಮಾಡಿದರೂ ಅವನದು ಒಂದೇ ಮಾತು: "ಊರಲ್ಲಿ ಎಲ್ಲರೂ ಚೆನ್ನಾಗಿದ್ದಾರಾ?"

ಫೋರಂನಲ್ಲಿ ಕೇಳಿದರೆ ಒಬ್ಬ ಇನ್ನೂ ಗಿಫ್ಟ್ ಕೊಡು ಅಂದ, ಇನ್ನೊಬ್ಬ ಗೇಮನ್ನೇ ಅಳಿಸಿ ಮತ್ತೆ ಹಾಕು ಅಂದ. ಹಾಕಿದೆ. ಮತ್ತೆ ಅದೇ ಕುಶಲ ಪ್ರಶ್ನೆ.

ಇವತ್ತು ಮಧ್ಯಾಹ್ನ ನಮ್ಮವ್ವೆ ಟೀ ಎಲೆಯನ್ನು ಫ್ಯಾಕ್ಟರಿ ವ್ಯಾನಿಗೆ ಹಾಕಿ ಬಂದವಳು, ನಾನು ಲ್ಯಾಪ್‌ಟಾಪಿಗೆ ಬೈಯುವುದನ್ನು ಕೇಳಿ ಪಕ್ಕದಲ್ಲಿ ಕೂತಳು. ಬಿಲ್ಲುಗಾರನ ಕಥೆಯೆಲ್ಲ ಹೇಳಿದೆ.

"ಹುಡುಗ ಯಾವ ಊರವನು?"

"ಗೇಮಿನಲ್ಲಿ ನನ್ನ ಊರೇ ಅವ್ವೆ. ಬೇಗ ಹತ್ತಿರವಾಗಲಿ ಅಂತ ಶುರುವಿನಲ್ಲೇ ನನ್ನ ಹುಟ್ಟೂರು ಅಂತ ಅವನ ಊರು ಆರಿಸಿಕೊಂಡೆ."

"ಥೂ! ಒಂದೇ ಹಟ್ಟಿಯವನು ನಿನಗೆ ಅಣ್ಣ ಆಗಬೇಕಲ್ಲ. ಸದ್ಯ, ಅವನಿಗಾದರೂ ಮರ್ಯಾದೆ ಇದೆ."

ನಮ್ಮ ನೀಲಗಿರಿಯ ಬಡಗರಲ್ಲಿ ಒಂದೇ ಹಟ್ಟಿಯವರು ಮದುವೆಯಾಗುವುದಿಲ್ಲ, ಸರಿ. ಗೇಮು ಮಾಡಿದವರೂ ಬಡಗರಾ? ಆದರೂ ಗೇಮಿನ ಕ್ಯಾಂಪಿನಲ್ಲಿ, ಪಾತ್ರದ ವಿವರ ತಿದ್ದುವ ಮಾಯಾಕನ್ನಡಿಯ ಮುಂದೆ ನಿಂತು ನನ್ನ ಹುಟ್ಟೂರು ಬದಲಾಯಿಸಿದೆ. ಅವನ ಹತ್ತಿರ ಹೋದೆ.

"ನದಿ ತನಕ ನಡೆದು ಬರೋಣವಾ, ನಾವಿಬ್ಬರೇ?" ಅಂದ!

ಅವ್ವೆ ಏನೂ ಆಗದ ಹಾಗೆ ಎದ್ದು ಒಲೆ ಹಚ್ಚಲು ಹೋದಳು.

ನಾನು ಫೋರಂನಲ್ಲಿ "ಹುಟ್ಟೂರು ಬದಲಾಯಿಸಿ, ಸರಿಹೋಗುತ್ತೆ" ಅಂತ ಬರೆದೆ. ತಕ್ಷಣ ಒಬ್ಬ ಕೇಳಿದ: "ಈ ರೂಲ್ ಯಾವ ಅಪ್‌ಡೇಟ್‌ನಲ್ಲಿ ಬಂತು?"

ಅದನ್ನು ಅವ್ವೆಗೆ ಓದಿ ಹೇಳಿದೆ. ಒಲೆ ಮುಂದಿನಿಂದಲೇ ಅಂದಳು: "ಮೊದಲಿಂದಲೂ ಇದೆ ಅಂತ ಬರಿ."

ಬರೆದೆ.