ಬಾಲ ಇದೆಯಾ?

ಇಗರ್ಜಿಯ ಗಂಟೆ ಕೇಳಿಸುತ್ತದೆ, ಗೋಪುರ ಕಾಣುವುದಿಲ್ಲ. ಪೋ ನದಿಯ ಬಯಲಿನಲ್ಲಿ ಡಿಸೆಂಬರಿನ ಮಂಜು ಹಾಗೆಯೇ. ಸಾನ್ ಬರ್ತೊಲೊ ಊರಿನ ಹಳೆಯ ನೀರಿನ ಪಂಪಿನ ಬಳಿ ಹಳದಿ ಜಾಕೀಟು ತೊಟ್ಟು ದಿರ್ಚೆ ಬೊತ್ತಾತ್ಸಿ ನಿಂತಿದ್ದಾರೆ. ಎಪ್ಪತ್ತು ದಾಟಿದ ಹೆಂಗಸು. ಮಕ್ಕಳು ಒಬ್ಬೊಬ್ಬರಾಗಿ ಮಂಜಿನೊಳಗಿಂದ ಮೂಡಿ ಬರುತ್ತಾರೆ. ಮೊದಲು ಟೋಪಿಯ ಬಣ್ಣ, ಆಮೇಲೆ ಬ್ಯಾಗು, ಕೊನೆಗೆ ಮುಖ.

"ಎಲಿಯಾ, ಬೂಟಿನ ದಾರ ಕಟ್ಟೋ. ಬೆನೆದೆತ್ತಾ, ಬಾಯಲ್ಲೇನೇ?"

"ಬಿಸ್ಕತ್ತು ಅಜ್ಜಿ."

"ನುಂಗು ಮೊದಲು. ಬಾಯಿ ತುಂಬ ಇಟ್ಕೊಂಡು ಕೂಗೋದು ಹೇಗೆ?"

ಕೂಗದಿದ್ದರೆ ಈ ಬಸ್ಸು ಹೊರಡುವುದಿಲ್ಲ. ಇದು ಪೇದಿಬುಸ್, ಕಾಲೇ ಗಾಲಿಯಾದ ಬಸ್ಸು. ದಿರ್ಚೆ ಮುಂದೆ, ಅವರ ಮೈದುನ ಲಿವಿಯೊ ಹಿಂದೆ, ನಡುವೆ ಶಾಲೆಗೆ ಹೊರಟ ಇಪ್ಪತ್ತರಷ್ಟು ಮಕ್ಕಳು. ಕಾಲುವೆಯ ದಂಡೆ ಹಿಡಿದು, ಸಣ್ಣ ಸೇತುವೆ ದಾಟಿ, ಹಾಲಿನ ಲಾರಿಗಳು ಓಡುವ ಹೆದ್ದಾರಿಯನ್ನು ಒಟ್ಟಿಗೇ ದಾಟಿದರೆ ಶಾಲೆ.

"ಬಾಲ ಇದೆಯಾ?" ದಿರ್ಚೆ ಕೂಗುತ್ತಾರೆ, ಊರಿನ ಹಳೆಯ ಆಡುಮಾತಿನಲ್ಲಿ.

"ಇದೆ, ಅಲ್ಲಾಡ್ತಿದೆ!" ಹಿಂದಿನಿಂದ ಲಿವಿಯೊ.

"ಅಲ್ಲಾಡ್ತಿದೆ, ಅಲ್ಲಾಡ್ತಿದೆ" ಎಂದು ಮಕ್ಕಳು ಹೆಜ್ಜೆಗೊಂದು ಮಾತು ಕೂಡಿಸುತ್ತಾರೆ. ಜಪಮಾಲೆಯ ಪ್ರಾರ್ಥನೆಯಲ್ಲಿ ಒಬ್ಬರು ಅರ್ಧ ಹೇಳಿ ಉಳಿದರ್ಧವನ್ನು ಸಭೆಗೆ ಬಿಡುತ್ತಾರಲ್ಲ, ಹಾಗೆ. ಮನೆಯಲ್ಲಿ ಯಾರೂ ಆಡದ ಈ ಭಾಷೆ ಮಕ್ಕಳ ಬಾಯಲ್ಲಿ ಉಳಿದಿರುವುದು ಈ ಎರಡು ಸಾಲಷ್ಟೇ.

ದಿರ್ಚೆ ಹಿಂದಿರುಗಿ ನೋಡುವುದಿಲ್ಲ. ಚಿಕ್ಕಂದಿನಲ್ಲಿ ಇದೇ ಕಾಲುವೆಯ ದಂಡೆಯಲ್ಲಿ ಹೆಬ್ಬಾತು ಮೇಯಿಸಿದವರು. "ತಿರುಗಿ ನೋಡಿದ್ರೆ ಬಾತುಗಳೆಲ್ಲ ಗುಂಪಾಗಿ ನಿಂತುಬಿಡ್ತವೆ. ಮುಂದೆ ನೋಡ್ಕೊಂಡು ನಡೀಬೇಕು, ಕಿವಿ ಮಾತ್ರ ಹಿಂದೆ ಇಡಬೇಕು" ಎನ್ನುತ್ತಾರೆ.

"ನಾವೇನು ಬಾತುಗಳಾ ಅಜ್ಜಿ?" ಎಲಿಯಾನ ಆಕ್ಷೇಪ.

"ಬಾತುಗಳು ಇಷ್ಟು ಮಾತಾಡ್ತಿರಲಿಲ್ಲ ಕಣೋ."

ಇದೆಲ್ಲ ಶುರುವಾದದ್ದು ಒಂದು ಮುರಿದ ಕೈಯಿಂದ. ಕೆಲವು ವರ್ಷಗಳ ಹಿಂದೆ ಇಂಥದೇ ಮಂಜಿನಲ್ಲಿ, ಶಾಲೆಯ ಗೇಟಿನಲ್ಲಿ ಒತ್ತೊತ್ತಾಗಿ ನಿಂತ ಕಾರುಗಳಲ್ಲೊಂದು ಹಿಂದಕ್ಕೆ ಸರಿದು ಅವರ ಮೊಮ್ಮಗನನ್ನು ಕೆಡವಿತು. ಕಾರು ಓಡಿಸುತ್ತಿದ್ದವಳು ಅವನ ಗೆಳೆಯನ ತಾಯಿ. ಅವಳೂ ಅತ್ತಳು, ಹುಡುಗನೂ ಅತ್ತ. ದಿರ್ಚೆ ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ. ಮರುದಿನ ಬೆಳಗ್ಗೆ ಕೊಡೆ ಹಿಡಿದು ಪಂಪಿನ ಬಳಿ ನಿಂತರು. ಅಂದು ಬಂದದ್ದು ಎರಡೇ ಮಕ್ಕಳು, ಅದರಲ್ಲೊಂದು ಕೈಗೆ ಪಟ್ಟಿ ಕಟ್ಟಿಕೊಂಡಿತ್ತು.

ಈಗ ಬಸ್ಸೇ ನಿಲ್ಲುವ ಹಾಗಿದೆ. ಮುಂದೊಬ್ಬರು, ಹಿಂದೊಬ್ಬರು ದೊಡ್ಡವರಿಲ್ಲದೆ ಮಕ್ಕಳನ್ನು ಹೊರಡಿಸಬಾರದೆಂದು ಪುರಸಭೆಯ ಕಟ್ಟಳೆ. ಲಿವಿಯೊಗೆ ಸೊಂಟದ ಕೀಲು ಸವೆದಿದೆ. ಸಂತ ಲೂಚಿಯಾಳ ಹಬ್ಬ ಕಳೆದ ಮೇಲೆ ಶಸ್ತ್ರಚಿಕಿತ್ಸೆ. ಆಮೇಲೆ ತಿಂಗಳುಗಟ್ಟಲೆ ಕೂತೇ ಇರಬೇಕು. ದಿರ್ಚೆ ಊರೆಲ್ಲ ಸುತ್ತಿ ಕೇಳಿದ್ದಾರೆ. ಬೇಕರಿಯವನಿಗೆ ಒಲೆ ಬಿಡುವಂತಿಲ್ಲ, ಔಷಧಿ ಅಂಗಡಿಯವಳಿಗೆ ಬೆನ್ನುನೋವು, ತಂದೆತಾಯಂದಿರಿಗೆ ಕೆಲಸದ ಹೊತ್ತು. "ಎಲ್ಲರೂ ಒಳ್ಳೆಯವರೇ. ಒಬ್ಬೊಬ್ಬರೂ ಕಾಫಿ ಕೊಟ್ಟು ಕಳಿಸಿದ್ರು" ಎಂದು ನಗುತ್ತಾರೆ.

ಸಾಲು ಹೊರಡುತ್ತದೆ. ಲಿವಿಯೊ ಹಿಂದೆ ಸ್ವಲ್ಪ ದೂರ ಬಿಟ್ಟು ಇನ್ನೊಬ್ಬಳು ನಡೆಯುತ್ತಿದ್ದಾಳೆ. ಪಂಜಾಬಿನಿಂದ ಬಂದ ಕುಲಬೀರ್ ಕೌರ್. ನಸುಕಿಗೆ ಮೊದಲೇ ಎದ್ದು ಗಂಡನ ಜೊತೆ ಕೊಟ್ಟಿಗೆಯಲ್ಲಿ ಹಾಲು ಕರೆದು, ರಬ್ಬರ್ ಬೂಟಿನಲ್ಲೇ ಬರುತ್ತಾಳೆ. ಮಗಳು ಜಸ್ಲೀನ್ ಈ ವರ್ಷ ಸಾಲಿಗೆ ಸೇರಿದ್ದಾಳೆ. ಮಗು ಶಾಲೆಯ ಬಾಗಿಲು ದಾಟುವವರೆಗೆ ತಾಯಿಗೆ ಮನೆಗೆ ಹೋಗಿ ಮಲಗಲಾಗದು.

"ನಮ್ಮ ಮೇಲೆ ಆಕೆಗೆ ನಂಬಿಕೆ ಇಲ್ಲ ಅತ್ತಿಗೆ" ಎಂದು ಲಿವಿಯೊ ಎಂದೋ ಗೊಣಗಿದ್ದರಂತೆ.

"ನಿನ್ನ ಸೊಂಟದ ಮೇಲೆ ನನಗೇ ಇಲ್ಲ" ಎಂದಿದ್ದರಂತೆ ದಿರ್ಚೆ.

ಸೇತುವೆ ದಾಟಿದ ಸಾಲು ಹೆದ್ದಾರಿಯ ಅಂಚಿಗೆ ಬರುತ್ತದೆ. ಲಾರಿಯೊಂದರ ದೀಪ ಹಾಲಿನ ಹನಿಯಂತೆ ಮೂಡಿ, ದೊಡ್ಡದಾಗಿ, ಗುಡುಗಿ ಹೋಗುತ್ತದೆ.

"ಬಾಲ ಇದೆಯಾ?"

ಉತ್ತರವಿಲ್ಲ.

"ಬಾಲ ಇದೆಯಾ?"

ಮಕ್ಕಳ ಗುಜುಗುಜು ನಿಲ್ಲುತ್ತದೆ. ದಿರ್ಚೆ ಎರಡೂ ಕೈ ಚಾಚಿ ಸಾಲನ್ನು ರಸ್ತೆಬದಿಯ ಗೋಡೆಯೊಂದರ ಕಡೆಗೆ ಒತ್ತುತ್ತಾರೆ. ಮಕ್ಕಳನ್ನು ಬಿಟ್ಟು ಹಿಂದೆ ಹೋಗಿ ನೋಡೋಣವೆಂದರೆ ಇಲ್ಲಿ ಹೆದ್ದಾರಿ, ಮುಂದೆ ಹೋಗೋಣವೆಂದರೆ ಹಿಂದೆ ಕಾಲುವೆ. ಕೊನೆಯ ಮಕ್ಕಳು ಮಂಜಿನಲ್ಲಿ ಕಾಣುತ್ತಿಲ್ಲ. ದಿರ್ಚೆಯವರ ತುಟಿ ಮೌನವಾಗಿ ಮಾತೆ ಮರಿಯಮ್ಮನ ಹೆಸರು ಹೇಳುತ್ತದೆ. ಮತ್ತೆ ಕೂಗಿದಾಗ ದನಿ ಒಡೆದಿದೆ.

"ಬಾಲ ಇದೆಯಾ?"

ಮಂಜಿನಾಚೆ ರಬ್ಬರ್ ಬೂಟುಗಳು ಓಡಿ ಬರುವ ಸದ್ದು. ಏದುಸಿರಿನ ಹೆಣ್ಣುದನಿ, ಎಂದೂ ಗಟ್ಟಿಯಾಗಿ ಕೇಳದ ದನಿ:

"ಇದೆ, ಅಳ್ತಿದೆ!"

ಒಂದು ಗಳಿಗೆ ಯಾರಿಗೂ ತಿಳಿಯುವುದಿಲ್ಲ. ಮರುಗಳಿಗೆ ಇಡೀ ಸಾಲು ಬಿದ್ದು ಬಿದ್ದು ನಗುತ್ತದೆ. "ಅಳ್ತಿದೆ, ಅಳ್ತಿದೆ!" ಅದನ್ನೇ ಹೆಜ್ಜೆಗೆ ಕೂಡಿಸಿಕೊಂಡು ಮಕ್ಕಳು ಹೆದ್ದಾರಿ ದಾಟುತ್ತಾರೆ. ದಿರ್ಚೆ ಮಾತ್ರ ಜಾಕೀಟಿನ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ.

ಸೇತುವೆಯ ಮೇಲೆ ಸೊಂಟ ಹಿಡಿದುಕೊಂಡು ಉಸಿರೂ ಬಿಡಲಾಗದೆ ನಿಂತ ಲಿವಿಯೊ ಕುಲಬೀರಳಿಗೆ ಕೈಯಲ್ಲೇ 'ಹೋಗು, ಮಕ್ಕಳ ಹತ್ತಿರ ಹೋಗು' ಎಂದು ತೋರಿಸಿದ್ದರು. ಆ ದಾರಿಯಾಗಿ ಬಂದ ಬೇಕರಿಯ ವ್ಯಾನಿನಲ್ಲಿ ಶಾಲೆಯ ಮುಂದೆ ಬಂದಿಳಿದಾಗ ಅವರಿಗೆ ನೋವಿಗಿಂತ ಸಿಟ್ಟೇ ಜಾಸ್ತಿ.

"ಅಳ್ತಿದೆ ಅಂತೆ! ಏನಮ್ಮಾ, ಮೂರು ತಿಂಗಳಿಂದ ಹಿಂದೆ ಬರ್ತಿದ್ದೀಯ, ಇಷ್ಟು ಕಲೀಲಿಲ್ವಾ?"

ಕುಲಬೀರ್ ತಲೆ ತಗ್ಗಿಸುತ್ತಾಳೆ. "ದೂರದಿಂದ ಹಾಗೇ ಕೇಳಿಸ್ತು ಅಣ್ಣಾ. ಪಾಪ, ಯಾಕೆ ಅಳ್ತದೆ ಅಂತ ದಿನಾ ಅಂದ್ಕೊಳ್ತಿದ್ದೆ."

ದಿರ್ಚೆ ತಮ್ಮ ಕೈಚೀಲದಿಂದ ಇನ್ನೊಂದು ಹಳದಿ ಜಾಕೀಟು ತೆಗೆಯುತ್ತಾರೆ. ಇಷ್ಟು ದಿನ ಮನೆ ಮನೆಗೆ ಹೊತ್ತು ತಿರುಗಿದ ಜಾಕೀಟು ಅದು. "ಊರಿಡೀ ಕೇಳಿದೆ ತಾಯಿ. ನಿನ್ನ ಬೂಟಿನ ಸದ್ದು ದಿನಾ ಕೇಳಿಸ್ತಿತ್ತು, ನಿನ್ನನ್ನೇ ಕೇಳ್ಲಿಲ್ಲ. ಹಿಂದೆ ತಿರುಗಿ ನೋಡಿದ್ರೆ ತಾನೇ! ಬರ್ತೀಯಾ?"

"ನನ್ನ ಭಾಷೆ ಸರಿಯಿಲ್ಲಮ್ಮ."

"ಬಾಲಕ್ಕೆ ಇನ್ನೇನು ಭಾಷೆ ಬೇಕು?"

ಹಬ್ಬ ಮುಗಿದ ಸೋಮವಾರ. ಇಂದೂ ಮಂಜು. ಲಿವಿಯೊ ನಾಳೆ ಆಸ್ಪತ್ರೆಗೆ. ಈಗ ಪಂಪಿನ ಕಟ್ಟೆಯ ಮೇಲೆ ಕೂತು ಹೊಸ ಬಾಲಕ್ಕೆ ಪಾಠ ಹೇಳುತ್ತಿದ್ದಾರೆ. "ಅಲ್ಲಾ... ಡ್ತಿದೆ. ಹೇಳು ನೋಡೋಣ." ಕುಲಬೀರ್ ಈ ಸಲ ಸರಿಯಾಗಿಯೇ ಹೇಳುತ್ತಾಳೆ. ಮಕ್ಕಳು ಒಪ್ಪುವುದಿಲ್ಲ. "ಬೇಡ, ಅಳ್ತಿದೆ ಅನ್ನಿ!" ಎಲ್ಲರಿಗಿಂತ ಜೋರು ಜಸ್ಲೀನ್.

ಇನ್ನೇನು ಆಸೆಯೆಂದು ಕೇಳಿದರೆ ದಿರ್ಚೆ ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸುತ್ತಾರೆ, ಹಿಂದಿನ ದನಿ ಚೆನ್ನಾಗಿ ಕೇಳಲೆಂದು. "ನನ್ನ ಕಾಲೂ ಒಂದಿನ ನಿಲ್ತದೆ. ಆಗ ಮುಂದೆ ನಿಲ್ಲೋರು ಬೇಕಾಗ್ತಾರೆ. ಆ ಸಲ ಊರೆಲ್ಲ ಸುತ್ತೋದಿಲ್ಲಪ್ಪ. ಮೊದಲು ಹಿಂದೆ ತಿರುಗಿ ಕೇಳ್ತೀನಿ."